ಒಂದು ಉದಾಹರಣೆ ಕೊಡಿ

ಜುಲೈ 22, ಸೋಮವಾರ

ನನ್ನ ಕೆಲಸಕ್ಕೆ ಅರ್ಜಿ ಕರೆದಿದ್ದಾರೆ. ನನ್ನದೇ ಕೆಲಸಕ್ಕೆ. ಬೆಳಿಗ್ಗೆ ಸ್ಟಾಫ್ ರೂಮಿನಲ್ಲಿ ಟೀ ಕುಡಿಯುತ್ತ ಕಂಪ್ಯೂಟರ್ ನೋಡಿದರೆ ಅಲ್ಲಿ ಕೂತಿದೆ: ಪಾಸ್ಕೋ ಬೇ ಶಾಲೆ, ಮೂರು ಮತ್ತು ನಾಲ್ಕನೇ ತರಗತಿ, ಕಾಯಂ ಶಿಕ್ಷಕ ಹುದ್ದೆ, ಅರ್ಹರು ಅರ್ಜಿ ಸಲ್ಲಿಸಬಹುದು. ಒಂಬತ್ತು ವರ್ಷದಿಂದ ಆ ತರಗತಿಯಲ್ಲಿ ಪಾಠ ಹೇಳುತ್ತಿರುವವಳು ನಾನು. ಡಿಸೆಂಬರಿನಲ್ಲಿ ನನ್ನ ಗುತ್ತಿಗೆ ಮುಗಿಯುತ್ತದೆ, ಜನವರಿಯಲ್ಲಿ ಇನ್ನೊಂದು ವರ್ಷಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ, ಹೀಗೇ ನಡೆದುಕೊಂಡು ಬಂದಿತ್ತು. ಈಗ ಯಾರಿಗೋ ಜ್ಞಾನೋದಯವಾಗಿದೆ. ಹುದ್ದೆ ಕಾಯಂ ಆಗಬೇಕಂತೆ, ಅದಕ್ಕೆ ಸಂದರ್ಶನ ಆಗಬೇಕಂತೆ, ಯಾರು ಬೇಕಾದರೂ ಬರಬಹುದಂತೆ.

ಪ್ರಿನ್ಸಿಪಾಲ್ ಕ್ಯಾಲಮ್ ಈ ವರ್ಷ ಬಂದವನು, ನನ್ನ ದೊಡ್ಡ ಮಗನ ವಯಸ್ಸು. ಕಾರಿಡಾರಿನಲ್ಲಿ ಸಿಕ್ಕಿ, "ಡೆನೀಸ್, ನೀವೂ ಹಾಕಿ, ಖಂಡಿತ ಹಾಕಿ" ಅಂದ. ನೀವೂ ಅಂತೆ. ಮೈ ಉರಿದುಹೋಯಿತು.

ಮನೆಗೆ ಬಂದು ಗಂಡ ಕ್ಲೈವ್‌ಗೆ ಹೇಳಿದೆ. ಅವನು ಸ್ಟವ್ ಮುಂದೆ ಕೂತು ಆಲೂಗೆಡ್ಡೆ ಸುಲಿಯುತ್ತಿದ್ದ. "ನಿನ್ನ ಕುರ್ಚೀಲಿ ನೀನು ಕೂರೋಕೆ ಕ್ಯೂ ನಿಲ್ಲಬೇಕು ಅನ್ನು. ಮುಂದಿನ ವಾರ ನಾನೂ ಅರ್ಜಿ ಹಾಕಬೇಕೇನೇ, ನಿನ್ನ ಗಂಡನ ಕೆಲಸಕ್ಕೆ?" ಅಂದ. ನಕ್ಕು ನಕ್ಕು ಅವನಿಗೆ ಕೆಮ್ಮು ಬಂತು, ಕೆಮ್ಮು ನಿಲ್ಲಲು ಬಹಳ ಹೊತ್ತು ಹಿಡಿಯಿತು. ಗೋಧಿ ಗೋದಾಮಿನಲ್ಲಿ ಇಡೀ ಆಯಸ್ಸು ಕಳೆದು ಎದೆಯ ತುಂಬ ಧೂಳು ತುಂಬಿಕೊಂಡಿದ್ದಾನೆ. ದಕ್ಕೆಯ ತನಕ ನಡೆದರೂ ನಡುವೆ ನಿಂತು ಉಸಿರು ಎಳೆದುಕೊಳ್ಳಬೇಕು.

ನಗುವ ವಿಷಯ ಅಲ್ಲ. ನಾವಿರುವುದು ಶಿಕ್ಷಣ ಇಲಾಖೆಯ ಮನೆ. ಕೆಲಸ ಹೋದರೆ ಮನೆ ಹೋಗುತ್ತದೆ, ಮನೆ ಹೋದರೆ ಊರು ಬಿಡಬೇಕು. ಅವನ ಅಮ್ಮ ಹಿಲ್ಡಾ ಇಲ್ಲಿನ ಆಸ್ಪತ್ರೆಯ ಮುದುಕರ ವಾರ್ಡಿನಲ್ಲಿ ಮಲಗಿದ್ದಾರೆ. ಐವತ್ನಾಲ್ಕು ದಾಟಿದ ನನ್ನನ್ನು ಇನ್ನೆಲ್ಲಿ ಯಾರು ಕರೆದು ಕೂರಿಸುತ್ತಾರೆ?

ನನ್ನ ತರಗತಿಯ ಟೆಗನ್ ಇವತ್ತು ಮತ್ತೆ ಮೇಜಿನ ಮೇಲೆ ತಲೆಯಿಟ್ಟು ನಿದ್ದೆ ಹೋದಳು. ಒಂಬತ್ತು ವರ್ಷದ ಮಗು, ಕಣ್ಣಿನ ಕೆಳಗೆ ಕಪ್ಪು. ಎಬ್ಬಿಸಲಿಲ್ಲ. ನನ್ನ ಸ್ವೆಟರ್ ಹೊದಿಸಿ, ಉಳಿದವರಿಗೆ ಮೆಲ್ಲಗೆ ಓದಿಕೊಳ್ಳಿ ಅಂದೆ. ಅವರೂ ಪಾಪ ಪಿಸುಗುಟ್ಟುತ್ತ ಓದಿದರು.

ಆಗಸ್ಟ್ 9, ಶುಕ್ರವಾರ

ಅರ್ಜಿ ಹೋಯಿತು. ನನ್ನ ಗುಣಗಾನವನ್ನು ನಾನೇ ಪುಟಗಟ್ಟಲೆ ಬರೆದೆ. "ಕಲಿಕೆಯ ಫಲಿತಾಂಶಗಳನ್ನು ಉತ್ತಮಪಡಿಸುವ ಬದ್ಧತೆ" ಅಂತ ಬರೆಯುವಾಗ ನನಗೇ ನಾಚಿಕೆಯಾಯಿತು. ಈ ಊರಿನಲ್ಲಿ ಯಾರೂ ಹಾಗೆ ಹೇಳಿಕೊಳ್ಳುವುದಿಲ್ಲ. ದೊಡ್ಡ ಮೀನು ಹಿಡಿದವನೂ "ಏನೋ ಒಂದು ಸಿಕ್ತು" ಅಂತಾನೆ. ನಾನು ಮಾಡಿದೆ, ನಾನು ಮಾಡಿದೆ ಅಂದವನನ್ನು ಪಬ್ಬಿನಲ್ಲಿ ವರ್ಷಗಟ್ಟಲೆ ಆಡಿಕೊಳ್ಳುತ್ತಾರೆ.

ಆಗಸ್ಟ್ 27, ಮಂಗಳವಾರ

ಆಯಿತು ಸಂದರ್ಶನ. ಬರೆದಿಡುತ್ತೇನೆ, ಇಲ್ಲದಿದ್ದರೆ ನಿದ್ದೆ ಬರುವುದಿಲ್ಲ.

ಮೊದಲು ಲೈಬ್ರರಿಯ ಮೂಲೆಯಲ್ಲಿ ಕೂರಿಸಿ ಪ್ರಶ್ನೆಗಳ ಹಾಳೆ ಕೊಟ್ಟರು. ಓದಿಕೊಳ್ಳಲು ಹತ್ತು ನಿಮಿಷ. ನನ್ನ ಕನ್ನಡಕ ತರಗತಿಯಲ್ಲೇ ಉಳಿದಿತ್ತು. ಕೇಳಲು ಸಂಕೋಚ, ಹಾಳೆಯನ್ನು ಕೈಯುದ್ದ ಹಿಡಿದು ಓದಿದೆ. ಆಮೇಲೆ ಒಳಗೆ ಕರೆದರು.

ಮೂರು ಜನ. ಕ್ಯಾಲಮ್, ಜಿಲ್ಲಾ ಕಚೇರಿಯಿಂದ ಬಂದ ಒಬ್ಬ ಹೆಂಗಸು, ಪೋಷಕರ ಪರವಾಗಿ ಲಿಯಾನ್. ಲಿಯಾನ್ ಮತ್ತು ಅವಳ ಗಂಡನದು ಕೊಲ್ಲಿಯಲ್ಲಿ ಸಿಂಪಿ ಸಾಕಣೆ, ಊರಿನ ಅರ್ಧ ಗಂಡಸರು ಅವರ ಬೋಟುಗಳಲ್ಲೇ ದುಡಿಯುವುದು. ಅವಳ ಮೂರೂ ಮಕ್ಕಳಿಗೆ ಪಾಠ ಹೇಳಿದವಳು ನಾನು. ಹೋದ ಶನಿವಾರ ನೆಟ್‌ಬಾಲ್ ಆಟದ ಕ್ಯಾಂಟೀನಿನಲ್ಲಿ ಇಬ್ಬರೂ ಒಟ್ಟಿಗೆ ನಿಂತು ಸಾಸೇಜು ಸುಟ್ಟಿದ್ದೆವು. ಇವತ್ತು ನಾನು ಯಾವುದೋ ಬಸ್ಸಿನಿಂದ ಇಳಿದು ಬಂದವಳೇನೋ ಎಂಬಂತೆ ಕೈಕುಲುಕಿ, "ಬನ್ನಿ, ಕೂತ್ಕೊಳ್ಳಿ" ಅಂದಳು. ನಗಬಾರದು, ತಲೆ ಆಡಿಸಬಾರದು ಅಂತ ಅವರಿಗೆ ಹೇಳಿಕೊಟ್ಟಿರುತ್ತಾರಂತೆ, ಎಲ್ಲ ಅಭ್ಯರ್ಥಿಗಳಿಗೂ ಒಂದೇ ಮುಖ ತೋರಿಸಬೇಕು ಅಂತ.

ಇಲ್ಲಿ ಪ್ರತಿ ಸಭೆಗೂ ಮೊದಲು ಓದುವ, ಈ ನೆಲದ ಮೂಲ ಜನರಿಗೆ ಗೌರವ ಹೇಳುವ ಮಾತುಗಳನ್ನು ಕ್ಯಾಲಮ್ ಓದಿದ. ಆಮೇಲೆ, "ನಿಮ್ಮ ಬಗ್ಗೆ ಸ್ವಲ್ಪ ಹೇಳಿ" ಅಂದ.

"ನನ್ನ ಬಗ್ಗೆ ನಿಮಗೆ ಗೊತ್ತಲ್ಲ ಕ್ಯಾಲಮ್, ದಿನಾ ಒಟ್ಟಿಗೇ ಊಟ ಮಾಡ್ತೀವಿ" ಅಂದೆ.

ಯಾರೂ ನಗಲಿಲ್ಲ. ಕಚೇರಿಯ ಹೆಂಗಸು ಏನೋ ಬರೆದುಕೊಂಡಳು. ಹಿಂದುಳಿದ ಮಗುವನ್ನು ಮುಂದೆ ತಂದ ಉದಾಹರಣೆ ಕೊಡಿ ಅಂದರು. ಎಷ್ಟು ಮಕ್ಕಳು! ಯಾವುದನ್ನು ಹೇಳಲಿ? "ಅಂಥ ವಿಶೇಷ ಏನೂ ಮಾಡಿಲ್ಲ, ಎಲ್ಲರೂ ಸೇರಿ ಮಾಡಿದ್ದು, ಮಕ್ಕಳೇ ಕಷ್ಟಪಟ್ಟರು" ಅಂದೆ. ಪೋಷಕರ ಜೊತೆ ಕೆಲಸ ಮಾಡಿದ ಉದಾಹರಣೆ ಕೊಡಿ ಅಂದರು. ಲಿಯಾನ್‌ಳ ಮುಖ ನೋಡಿ, "ಈ ಊರಲ್ಲಿ ಎಲ್ಲರೂ ಒಳ್ಳೆಯವರು" ಅಂದೆ. ಹೊರಗೆ ಬಂದಾಗ ನೀರಿನ ಲೋಟ ಇನ್ನೂ ನನ್ನ ಕೈಯಲ್ಲೇ ಇತ್ತು.

ಆಗಸ್ಟ್ 30, ಶುಕ್ರವಾರ

ಇಲ್ಲ. ಅಡಿಲೇಡ್ ನಗರದ ಒಬ್ಬಳಿಗೆ ಸಿಕ್ಕಿತು.

ಸೆಪ್ಟೆಂಬರ್ 4, ಬುಧವಾರ

ಸೋತವರು ಯಾಕೆ ಸೋತೆವು ಅಂತ ಕೇಳಬಹುದು, ಅದೊಂದು ಪದ್ಧತಿ ಇದೆ. ಕೇಳಿದೆ. ಕ್ಯಾಲಮ್ ಬಾಗಿಲು ಮುಚ್ಚಿ ಕೂತ. ಅವನ ಮುಖವೂ ಇಳಿದಿತ್ತು, ಅದನ್ನು ಒಪ್ಪಬೇಕು.

"ಆ ಕೋಣೇಲಿ ನೀವು ಹೇಳಿದ್ದಕ್ಕೆ ಮಾತ್ರ ಅಂಕ ಡೆನೀಸ್. ನಾನು ಕಣ್ಣಾರೆ ಕಂಡಿದ್ದನ್ನ ಲೆಕ್ಕಕ್ಕೆ ತಗೊಳ್ಳೋ ಹಾಗಿಲ್ಲ. ನೀವು ಏನೂ ಮಾಡಿಲ್ಲ ಅಂದ್ರಿ. ಏನೂ ಮಾಡಿಲ್ಲ ಅಂತಾನೇ ಬರ್ಕೋಬೇಕಾಯ್ತು."

"ಸುಳ್ಳು ಅಂತ ಗೊತ್ತಿದ್ರೂ?"

"ಗೊತ್ತಿದ್ರೂ."

ಆಮೇಲೆ ಒಂದು ಚೀಟಿಯಲ್ಲಿ ಬರೆದುಕೊಟ್ಟ. ಪ್ರತಿ ಉತ್ತರಕ್ಕೂ ನಾಲ್ಕು ಭಾಗ ಇರಬೇಕಂತೆ. ಪರಿಸ್ಥಿತಿ, ನನ್ನ ಹೊಣೆ, ನಾನು ಮಾಡಿದ್ದು, ಫಲ. ನಿಜವಾಗಿ ನಡೆದದ್ದೇ ಆಗಿರಬೇಕು, ಒಂದು ಮಗು, ಒಂದು ದಿನ, ಒಂದು ಫಲ. ಎರಡು ನಿಮಿಷದೊಳಗೆ. ಕೇಕ್ ಮಾಡುವ ವಿಧಾನ ಬರೆದುಕೊಟ್ಟ ಹಾಗಿತ್ತು. ಚೀಟಿಯನ್ನು ಬುಟ್ಟಿಗೆ ಹಾಕಿ ಬಂದೆ.

ಕ್ಲೈವ್ ಇಲಾಖೆಯ ಮನೆಯ ಗೋಡೆ ನೋಡುತ್ತ ಕೂತಿದ್ದ. ಅಡುಗೆ ಮನೆಯ ಮೊಳೆಗಳನ್ನು ಕಿತ್ತು ರಂಧ್ರಕ್ಕೆ ಮೆತ್ತಬೇಕು, ಹಾಗೇ ಬಿಟ್ಟರೆ ದಂಡ ಹಾಕುತ್ತಾರೆ ಅಂದ. ಅತ್ತುಬಿಟ್ಟೆ.

ಸೆಪ್ಟೆಂಬರ್ 19, ಗುರುವಾರ

ಅಡಿಲೇಡಿನವಳು ಊರು ನೋಡಲು ಬಂದಿದ್ದಳಂತೆ. ಒಂದು ರಾತ್ರಿ ಪಬ್ಬಿನ ಮೇಲಿನ ರೂಮಿನಲ್ಲಿದ್ದಳಂತೆ, ದಕ್ಷಿಣದ ಗಾಳಿಗೆ ಕಿಟಕಿ ಬಡಿದದ್ದು ಬಡಿದದ್ದೇ. ಬೆಳಿಗ್ಗೆ ಎದ್ದವಳೇ ಕಾಫಿ ಎಲ್ಲಿ ಸಿಗುತ್ತದೆ ಅಂತ ಕೇಳಿದ್ದಾಳೆ. ಪೆಟ್ರೋಲ್ ಬಂಕಿನಲ್ಲಿ ಅಂದಿದ್ದಾರೆ. ಮಧ್ಯಾಹ್ನದ ಹೊತ್ತಿಗೆ ಕೆಲಸ ಬೇಡ ಅಂತ ಹೇಳಿ ಹೋಗಿದ್ದಾಳೆ.

ಮತ್ತೆ ಅರ್ಜಿ ಕರೆಯುತ್ತಾರೆ. ನವೆಂಬರಿನಲ್ಲಿ ಸಂದರ್ಶನ, ಪ್ರಶ್ನೆಗಳು ಹೋದ ಸಲದವೇ ಅಂತೆ. ಕ್ಲೈವ್ ದಕ್ಷಿಣದ ಗಾಳಿಗೆ ಒಂದು ಬಿಯರ್ ಕೊಡಿಸಬೇಕು ಅಂದ.

ಕ್ಯಾಲಮ್ ಹತ್ತಿರ ಹೋಗಿ ಆ ನಾಲ್ಕು ಭಾಗದ ಚೀಟಿ ಇನ್ನೊಮ್ಮೆ ಬರೆಸಿಕೊಂಡೆ. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೇನೆ.

ಅಕ್ಟೋಬರ್ 3, ಗುರುವಾರ

ಹಿಲ್ಡಾ ಹೋದರು. ಬೆಳಿಗ್ಗೆ, ನಾವಿಬ್ಬರೂ ಪಕ್ಕದಲ್ಲಿದ್ದೆವು. ಕೊನೆಯ ಮೂರು ದಿನ ಆಸ್ಪತ್ರೆಯಲ್ಲಿ ಕೂತೇ ಮಕ್ಕಳ ವರದಿಗಳನ್ನು ಬರೆದೆ, ಒಂದು ಕೈಯಲ್ಲಿ ಪೆನ್ನು, ಒಂದು ಕೈಯಲ್ಲಿ ಅವರ ಕೈ. ಮುದುಕಿ ನನ್ನನ್ನು ಸೊಸೆ ಅಂತ ಒಪ್ಪಿಕೊಳ್ಳಲು ಹದಿನೈದು ವರ್ಷ ತೆಗೆದುಕೊಂಡಿತ್ತು. ಆದರೆ ಕೊನೆಗೆ ಕರೆದದ್ದು ನನ್ನ ಹೆಸರು. ಕ್ಲೈವ್ ಅಮ್ಮನ ಚಪ್ಪಲಿಗಳನ್ನು ಮಂಚದ ಕೆಳಗಿಂದ ತೆಗೆದು ಜೋಡಿಸಿ, ಆಮೇಲೆ ಎಲ್ಲಿ ಇಡುವುದು ಅಂತ ತಿಳಿಯದೆ ಹಿಡಿದುಕೊಂಡೇ ನಿಂತಿದ್ದ. ನೋಡಲಾಗಲಿಲ್ಲ.

ಈಗ ಬರೆಯುತ್ತಿರುವಾಗ ಹೊಳೆಯಿತು. ಸಂದರ್ಶನದ ಮೂರನೇ ಪ್ರಶ್ನೆ ಇದೇ ಅಲ್ಲವೇ, ಒತ್ತಡದ ನಡುವೆ ಕೆಲಸಗಳಿಗೆ ಆದ್ಯತೆ ಕೊಟ್ಟದ್ದು? ಪರಿಸ್ಥಿತಿ: ಮನೆಯ ಹಿರಿಯರೊಬ್ಬರು ಮರಣಶಯ್ಯೆಯಲ್ಲಿ. ಹೊಣೆ: ವರದಿಗಳನ್ನು ಸಕಾಲದಲ್ಲಿ ಮುಗಿಸುವುದು. ಮಾಡಿದ್ದು: ಆಸ್ಪತ್ರೆಯಿಂದಲೇ ಕೆಲಸ. ಫಲ: ಎಲ್ಲ ವರದಿಗಳೂ ಗಡುವಿಗೆ ಮೊದಲೇ ಸಲ್ಲಿಕೆ.

ಮರೆಯುವ ಮೊದಲು ಬರೆದಿಟ್ಟದ್ದು ಒಳ್ಳೆಯದಾಯಿತು.

ಅಕ್ಟೋಬರ್ 11, ಶುಕ್ರವಾರ

ಕ್ಲೈವ್ ಮೊಟ್ಟೆ ಬೇಯಿಸುವ ಗಡಿಯಾರ ಹಿಡಿದು ಕೂರುತ್ತಾನೆ, ನಾನು ಉತ್ತರ ಹೇಳುತ್ತೇನೆ. ಮೊದಲ ಎರಡಕ್ಕೆ ಚೆನ್ನಾಗಿಯೇ ತಮಾಷೆ ಮಾಡಿದ. ಮೂರನೆಯದು ಶುರುಮಾಡಿದ ಮೇಲೆ ಅವನ ಮುಖ ಬದಲಾಯಿತು.

"ನಮ್ಮಮ್ಮ ನಿನಗೆ ಮೂರನೇ ಪ್ರಶ್ನೆ ಆದ್ಲಾ?"

"ಹೆಸರು ಹೇಳಲ್ಲ ಕ್ಲೈವ್."

"ಹೆಸರು ಹೇಳ್ದಿದ್ರೆ ಬೇರೆ ಯಾರದೋ ಅಮ್ಮ ಆಗ್ತಾಳಾ?"

"ನಮ್ಮ ಮನೆ ಉಳೀಬೇಕು ಅಂತಾನೇ ಅಲ್ವಾ ಇದೆಲ್ಲಾ?"

ಗಡಿಯಾರ ಮೇಜಿನ ಮೇಲಿಟ್ಟು ದಕ್ಕೆಯ ಕಡೆ ಹೋದ. ನಾನೊಬ್ಬಳೇ ಅಭ್ಯಾಸ ಮಾಡಿಕೊಂಡೆ. ಸಮಯ ಸರಿಹೋಯಿತು.

ಅಕ್ಟೋಬರ್ 16, ಬುಧವಾರ

ಊಟದ ಹೊತ್ತಿನಲ್ಲಿ ಟೆಗನ್ ನನಗೆ ಓದಿ ಒಪ್ಪಿಸುತ್ತಾಳೆ. ಕಥೆಯ ಪುಸ್ತಕದಲ್ಲಿ ಸುಲಭದ ಮಾತಿಗೂ ಮುಗ್ಗರಿಸುತ್ತಾಳೆ. ಇವತ್ತು ಗೋಡೆಯ ಮೇಲಿನ ಬೆಂಕಿ ಸೂಚನೆಯ ಹಲಗೆಯನ್ನು ಗಡಗಡ ಓದಿದಳು. ಅಗ್ನಿಶಾಮಕ, ತುರ್ತು ನಿರ್ಗಮನ, ದಹನಶೀಲ. ದಹನಶೀಲ ಅಂತ ಓದುವ ಮಗು ಕಥೆಯ ಕರಡಿಗೆ ತಡವರಿಸುವುದೇ?

"ಇದೆಲ್ಲಾ ಎಲ್ಲಿ ಕಲ್ತೆ ಪುಟ್ಟಿ?"

"ಅಪ್ಪನ ಬೋಟಿನ ಹಾಳೇಲಿ ಇರುತ್ತೆ ಮಿಸ್."

ಹೇಳಿದ ಕೂಡಲೇ ಬಾಯಿ ಮುಚ್ಚಿಕೊಂಡಳು. ನಾನು ಸುಮ್ಮನೆ ಸೇಬು ಹೆಚ್ಚುತ್ತ ಕೂತೆ. ಸ್ವಲ್ಪ ಹೊತ್ತಿಗೆ ತಾನಾಗಿಯೇ ಹೊರಗೆ ಬಂತು. ಅವಳ ಅಪ್ಪ ಶೇನ್‌ಗೆ ಓದಲು ಬರುವುದಿಲ್ಲ. ಅಮ್ಮ ಇದ್ದಾಗ ಅಮ್ಮ ಓದಿ ಹೇಳುತ್ತಿದ್ದಳು, ಅಮ್ಮ ಬಿಟ್ಟುಹೋದ ಮೇಲೆ ಇವಳು. ಲಿಯಾನ್‌ಳ ಸಿಂಪಿ ಬೋಟನ್ನು ನಡೆಸುವುದು ಶೇನ್. ನೀರಿಗೆ ಇಳಿಯುವ ಮುಂಚೆ ದಿನವೂ ತಪಾಸಣೆ ಹಾಳೆಗೆ ಸಹಿ ಹಾಕಬೇಕು. ಬೆಳಕು ಹರಿಯುವ ಮೊದಲೇ ಎದ್ದು ಟೆಗನ್ ಓದಿ ಹೇಳುತ್ತಾಳೆ, ಅವನು ಬಾಯಿಪಾಠ ಮಾಡಿಕೊಂಡು ಹೋಗುತ್ತಾನೆ. ಆಮೇಲೆ ತಮ್ಮ ಕೋಬಿಗೆ ತಿಂಡಿ ಮಾಡಿ, ಬೂಟು ಹಾಕಿಸಿ, ಶಾಲೆಗೆ ಕರೆತರುತ್ತಾಳೆ.

"ಯಾರಿಗೂ ಹೇಳ್ಬೇಡಿ ಮಿಸ್. ಅಪ್ಪಂಗೆ ನಾಚಿಕೆ ಆಗುತ್ತೆ."

"ಹೇಳಲ್ಲ ಪುಟ್ಟಿ" ಅಂದೆ. ಅವಳನ್ನು ಎತ್ತಿಕೊಂಡು ಮನೆಗೆ ಓಡಿಬಿಡಬೇಕು ಅನ್ನಿಸಿತು.

ಅಕ್ಟೋಬರ್ 29, ಮಂಗಳವಾರ

ಶೇನ್ ಓದು ಕಲಿಯಲು ಬರುತ್ತಿದ್ದಾನೆ. ನಾನೇ ದಕ್ಕೆಯಲ್ಲಿ ಅವನು ಒಬ್ಬನೇ ಇರುವಾಗ ಹೋಗಿ ಮಾತಾಡಿದ್ದೆ. ಮೊದಲು ರೇಗಿದ, ಆಮೇಲೆ ಹಗ್ಗ ಸುತ್ತುತ್ತ, ಸುತ್ತುತ್ತ, "ಯಾರ್ಗೂ ಗೊತ್ತಾಗ್ಬಾರ್ದು ಅಷ್ಟೇ" ಅಂದ. ಎಲ್ಲರೂ ಹೋದ ಮೇಲೆ ತರಗತಿಗೆ ಬರುತ್ತಾನೆ. ಮಗಳ ಕುರ್ಚಿಯಲ್ಲಿ ಕೂರುತ್ತಾನೆ, ಮಂಡಿ ಎದೆಗೆ ತಗಲುತ್ತದೆ. ಬೋಟಿನ ಹಾಳೆಯಿಂದಲೇ ಶುರುಮಾಡಿದೆ. ಇವತ್ತು ಪಂಪ್ ಅನ್ನುವುದನ್ನು ತಾನಾಗಿ ಓದಿದ. ಇನ್ನೊಮ್ಮೆ ಓದಿದ. ಆಮೇಲೆ ಗೋಡೆಯ ಮೇಲೆಲ್ಲ ಎಲ್ಲಾದರೂ ಪಂಪ್ ಇದೆಯೇ ಅಂತ ಹುಡುಕಿದ, ಆ ಗಡ್ಡದ ಗಂಡಸು. ಇಷ್ಟು ಸಂತೋಷ ನನಗೆ ಈ ವರ್ಷ ಆಗಿರಲಿಲ್ಲ.

ಟೆಗನ್ ಬಾಗಿಲ ಹತ್ತಿರ ತಮ್ಮನ ಜೊತೆ ಚೆಂಡು ಆಡುತ್ತ, ಒಳಗೆ ಇಣುಕಿ ನಗುತ್ತಿದ್ದಳು.

ಪೋಷಕರ ಜೊತೆ ಸಹಭಾಗಿತ್ವ ಅಂದರೆ ಇದೇ. ಇದಕ್ಕಿಂತ ಗಟ್ಟಿ ಉದಾಹರಣೆ ಎಲ್ಲಿ ಸಿಗಬೇಕು? ಆದರೆ ಇದು ಬೇಡ. ನಾಲ್ಕನೇ ಪ್ರಶ್ನೆಗೆ ಶಾಲಾ ವಾರ್ಷಿಕೋತ್ಸವದ್ದನ್ನೇ ಹೇಳುತ್ತೇನೆ.

ನವೆಂಬರ್ 6, ಬುಧವಾರ

ಚೆನ್ನಾಗಿ ಆಯಿತು.

ಅದೇ ಕೋಣೆ, ಅದೇ ಮೂರು ಜನ, ಅದೇ ಸತ್ತ ಮುಖಗಳು. ಈ ಸಲ ಕನ್ನಡಕ ತೆಗೆದುಕೊಂಡು ಹೋಗಿದ್ದೆ. ನನ್ನ ಬಗ್ಗೆ ಹೇಳಿ ಅಂದಾಗ ಹೇಳಿದೆ. ಮೊದಲ ಮೂರು ಉತ್ತರಗಳು ನೀರು ಹರಿದ ಹಾಗೆ ಹರಿದವು. ಹಿಲ್ಡಾ ಬಗ್ಗೆ ಹೇಳುವಾಗ ಎಲ್ಲಿ ಉಸಿರು ತೆಗೆದುಕೊಳ್ಳಬೇಕೋ ಅಲ್ಲಿ ತೆಗೆದುಕೊಂಡೆ.

ನಾಲ್ಕನೆಯದಕ್ಕೆ ವಾರ್ಷಿಕೋತ್ಸವ ಹೇಳಿದೆ. ಕಚೇರಿಯ ಹೆಂಗಸು ಗಡಿಯಾರ ನೋಡಿ, "ಅದು ಇಡೀ ಶಾಲೆಯ ಕಾರ್ಯಕ್ರಮ. ನೀವೇ, ಒಬ್ಬ ಪೋಷಕರ ಜೊತೆ ಮಾಡಿದ್ದು ಏನಾದರೂ?" ಅಂದಳು. ಅವಳ ಪೆನ್ನು ಹಾಳೆಯ ಮೇಲೆ ಕಾಯುತ್ತಿತ್ತು. ಮನೆ ಕಣ್ಣ ಮುಂದೆ ಬಂತು, ಮೊಳೆ ಕಿತ್ತ ಗೋಡೆ ಕಂಡಿತು. "ಒಬ್ಬ ವಿದ್ಯಾರ್ಥಿನಿ ಇದ್ದಾಳೆ, ಹೆಸರು ಬೇಡ" ಅಂತ ಶುರುಮಾಡಿದೆ.

ಅಭ್ಯಾಸವೇ ಮಾಡಿರಲಿಲ್ಲ, ಆದರೂ ನಾಲ್ಕು ಭಾಗಗಳೂ ತಾವಾಗಿ ಬಂದು ಕೂತವು. ಅಮ್ಮ ಬಿಟ್ಟುಹೋದ, ನಿದ್ದೆಗೆಟ್ಟ ಮಗು, ಓದಲು ಬಾರದ ತಂದೆ, ಕೆಲಸದ ಹಾಳೆಗಳು, ಸಂಜೆಯ ಪಾಠ. ಫಲ: ತಂದೆ ತನ್ನ ಜೀವನದಲ್ಲಿ ಮೊದಲ ಬಾರಿಗೆ ಒಂದು ಪದ ಓದಿದರು. ಯಾವ ಹೆಸರೂ ಹೇಳಲಿಲ್ಲ, ಬೋಟು ಅಂತಲೂ ಹೇಳಲಿಲ್ಲ. ಕ್ಯಾಲಮ್ ಬರೆಯುತ್ತಲೇ ಇದ್ದ. ಲಿಯಾನ್ ಮಾತ್ರ ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು, ಎರಡೂ ಸಂದರ್ಶನಗಳಲ್ಲಿ ಅದೇ ಮೊದಲು. ಅವಳ ಮನಸ್ಸಿಗೆ ತಟ್ಟಿತು ಅಂದುಕೊಂಡಿದ್ದೇನೆ.

ನವೆಂಬರ್ 11, ಸೋಮವಾರ

ನನಗೇ ಸಿಕ್ಕಿತು. ಪಟ್ಟಿಯಲ್ಲಿ ಮೊದಲನೆಯವಳು. ನಾಲ್ಕನೇ ಉತ್ತರಕ್ಕೆ ಪೂರ್ತಿ ಅಂಕ ಅಂತ ಕ್ಯಾಲಮ್ ಹೇಳಿದ. ಮುಂದಿನ ವರ್ಷದ ಮಕ್ಕಳ ಸಂಖ್ಯೆ ಲೆಕ್ಕ ಹಾಕಿದ ಮೇಲೆ ಪತ್ರ ಬರುತ್ತದೆ, ಅದು ಬರೀ ಪದ್ಧತಿ, ತಲೆ ಕೆಡಿಸಿಕೊಳ್ಳಬೇಡಿ ಅಂದ.

ರಾತ್ರಿ ಊಟಕ್ಕೆ ಪಬ್ಬಿಗೆ ಹೋದೆವು. ಎಲ್ಲರೂ ಬೆನ್ನು ತಟ್ಟಿದರು. ಕ್ಲೈವ್ ತಟ್ಟೆಯಲ್ಲಿನ ಮೀನನ್ನು ಮುರಿಯುತ್ತ ಕೇಳಿದ.

"ಏನು ಹೇಳ್ದೆ ಅಲ್ಲಿ?"

"ಉದಾಹರಣೆ ಕೊಟ್ಟೆ."

"ಯಾರ್ದು?"

ಸಾಸ್ ಈ ಕಡೆ ಕೊಡು ಅಂದೆ. ಕೊಟ್ಟ.

ಶೇನ್ ಗುರುವಾರವೂ ಪಾಠಕ್ಕೆ ಬರಲಿಲ್ಲ, ಇವತ್ತೂ ಬರಲಿಲ್ಲ. ಗಾಳಿ ಜೋರಿದ್ದಾಗ ಬೋಟಿನವರಿಗೆ ಕೆಲಸ ಹೆಚ್ಚು.

ನವೆಂಬರ್ 20, ಬುಧವಾರ

ಲಿಯಾನ್ ಅಂಗಡಿಯ ಮುಂದೆ ಸಿಕ್ಕಳು. ಕಾರಿನೊಳಗೆ ಕರೆದು ಕೂರಿಸಿಕೊಂಡು ಬಾಗಿಲು ಹಾಕಿದಳು. ಅಳುತ್ತಿದ್ದಳು.

"ಅಲ್ಲಿ ಕೇಳಿದ್ದನ್ನ ಹೊರಗೆ ಹೇಳಂಗಿಲ್ಲ, ಗೊತ್ತು. ಹೇಳೂ ಇಲ್ಲ. ಆದ್ರೆ ಬೋಟ್ ಸರಿಯಾಗಿದೆ ಅಂತ ದಿನಾ ಸಹಿ ಹಾಕೋನು ಅವ್ನು ಡೆನೀಸ್. ಅವನ ಕೈಕೆಳಗೆ ನಾಕು ಹುಡುಗ್ರು. ನಾಳೆ ಯಾರಾದ್ರೂ ನೀರಿಗೆ ಬಿದ್ರೆ, ನಂಗೆ ಗೊತ್ತಿತ್ತಲ್ಲಾ ಅಂತ ನಾನು ಹೆಂಗೆ ಬದುಕ್ಲಿ? ಬೋಟಿಂದ ಇಳಿಸಿ ಶೆಡ್ಡಲ್ಲಿ ಸಿಂಪಿ ಆರ್ಸೋ ಕೆಲಸ ಕೊಡಿ ಅಂತ ನಮ್ಮೋರಿಗೆ ಹೇಳ್ದೆ. ಯಾಕೆ ಅಂತ ಹೇಳ್ಲಿಲ್ಲ. ಅವ್ರು ಶೇನ್‌ಗೆ ಒಂದು ಹಾಳೆ ಕೊಟ್ಟು, ಓದು ಅಂದ್ರಂತೆ. ಎಲ್ಲರ ಎದುರಿಗೆ."

ಈಗ ಶೆಡ್ಡಿನ ಗಂಡಸರು ಅವನನ್ನು ಪ್ರೊಫೆಸರ್ ಅಂತ ಕರೆಯುತ್ತಾರಂತೆ. ಅವನ ಲಾಕರಿನ ಮೇಲೆ ಯಾರೋ ಶಿಶುವಿಹಾರದ ಮಕ್ಕಳ ಅಕ್ಷರಮಾಲೆ ಅಂಟಿಸಿದ್ದಾರಂತೆ.

"ನಾನು ಹೆಸರು ಹೇಳ್ಲಿಲ್ವಲ್ಲ ಲಿಯಾನ್."

"ಮೂರನೇ ಕ್ಲಾಸಲ್ಲಿ ಮಗಳು, ಮನೇಲಿ ಹೆಂಡ್ತಿ ಇಲ್ಲ. ಈ ಊರಲ್ಲಿ ಇನ್ನೊಬ್ನ ತೋರ್ಸು ನೋಡೋಣ."

ಮನೆಗೆ ಬಂದೆ. ಯೋಚಿಸಿದರೆ, ಇದು ಎಂದಾದರೂ ಒಂದು ದಿನ ಗೊತ್ತಾಗುವ ವಿಷಯವೇ ಆಗಿತ್ತು. ಸುರಕ್ಷತೆಯ ದೃಷ್ಟಿಯಿಂದ ನೋಡಿದರೆ ಒಳ್ಳೆಯದೇ ಆಯಿತೇನೋ. ಊಟ ಸೇರಲಿಲ್ಲ.

ಶೇನ್ ಮನೆಗೆ ಹೋಗಿ ಬಾಗಿಲು ತಟ್ಟಿದೆ. ಒಳಗೆ ಟಿವಿಯ ಸದ್ದು ಇತ್ತು. ತೆರೆಯಲಿಲ್ಲ.

ನವೆಂಬರ್ 29, ಶುಕ್ರವಾರ

ಟೆಗನ್ ಮತ್ತು ಕೋಬಿಗೆ ಇವತ್ತು ಕೊನೆಯ ದಿನ. ಶೇನ್‌ಗೆ ಉತ್ತರದ ಗಣಿಯಲ್ಲಿ ಗುಡಿಸುವ ಕೆಲಸ ಸಿಕ್ಕಿದೆಯಂತೆ, ಅಲ್ಲಿ ಅವನ ಅಣ್ಣ ಇದ್ದಾನಂತೆ. ಮಕ್ಕಳು ಕೂಡಿ ಮಾಡಿದ ಕಾರ್ಡು ಕೊಟ್ಟೆವು, ಚಾಕೊಲೇಟ್ ಕೇಕ್ ಕತ್ತರಿಸಿದೆವು. ಗಂಟೆ ಹೊಡೆದ ಮೇಲೆ ಟೆಗನ್ ಹಿಂದೆ ಉಳಿದಳು. ಚೀಲ ಬೆನ್ನಿಗೆ ಹಾಕಿಕೊಂಡೇ ನಿಂತಿದ್ದಳು.

"ಮಿಸ್, ನೀವೇ ಹೇಳಿದ್ರಾ?"

"ನಾನು ಯಾರ ಹೆಸರೂ ಹೇಳಿಲ್ಲ ಟೆಗನ್."

ಅವಳು ಚೀಲದ ಪಟ್ಟಿ ಎಳೆದು ಸರಿಮಾಡಿಕೊಂಡಳು.

"ಅಪ್ಪ ಈಗ ನನ್ನ ಹತ್ರ ಏನೂ ಓದಿಸ್ಕೊಳ್ಳಲ್ಲ. ಅಂಗಡೀಲಿ ಡಬ್ಬಿ ಮೇಲೆ ಏನಿದೆ ಅಂತಾನೂ ಕೇಳಲ್ಲ. ನಿನ್ನೆ ಹಾಲು ಅಂತ ಬೇರೆ ಏನೋ ತಂದ."

"ಹೊಸ ಶಾಲೇಲಿ ಒಳ್ಳೆ ಟೀಚರ್ ಸಿಗ್ತಾರೆ."

"ನಾನೇ ನಿಮ್ಗೆ ಹೇಳಿದ್ದು ಅಂತ ಅಪ್ಪಂಗೆ ಗೊತ್ತು ಮಿಸ್."

ಉಳಿದ ಕೇಕನ್ನು ಕಾಗದದಲ್ಲಿ ಸುತ್ತಿ ಕೊಟ್ಟೆ. ತೆಗೆದುಕೊಂಡಳು. ಥ್ಯಾಂಕ್ಯೂ ಅಂದಳು. ಹೊರಗೆ ಶೇನ್ ಕಾರಿನಿಂದ ಇಳಿಯಲಿಲ್ಲ, ಈ ಕಡೆ ನೋಡಲೂ ಇಲ್ಲ.

ಡಿಸೆಂಬರ್ 6, ಶುಕ್ರವಾರ

ಮಕ್ಕಳ ಲೆಕ್ಕ ಆಯಿತು. ಇಲಾಖೆ ಇಟ್ಟಿರುವ ಗೆರೆಗಿಂತ ಎರಡು ಕಡಿಮೆ. ಮುಂದಿನ ವರ್ಷ ಒಂದರಿಂದ ನಾಲ್ಕನೇ ತರಗತಿಯ ತನಕ ಒಂದೇ ಕೋಣೆ, ಒಬ್ಬರೇ ಶಿಕ್ಷಕರು, ಅವರು ಈಗಾಗಲೇ ಕಾಯಂ ಇದ್ದಾರೆ. ನನ್ನ ಹುದ್ದೆ ರದ್ದು.

ಕ್ಯಾಲಮ್‌ಗೆ ಅದನ್ನು ಹೇಳುವ ಕೆಲಸ ಬಿತ್ತು. "ಆ ಎರಡು ಮಕ್ಕಳು ಇದ್ದಿದ್ರೆ" ಅಂದವನು ಅಲ್ಲಿಗೇ ನಿಲ್ಲಿಸಿದ. ಜನವರಿ ಹದಿನೈದಕ್ಕೆ ಮನೆಯ ಕೀಲಿ ಕೊಡಬೇಕು.

ಕ್ಲೈವ್‌ಗೆ ಹೇಳಿದೆ. ಯಾವ ಎರಡು ಮಕ್ಕಳು ಅಂತ ಅವನು ಕೇಳಲಿಲ್ಲ. ಸುತ್ತಿಗೆ ತಂದು ಅಡುಗೆ ಮನೆಯ ಮೊಳೆಗಳನ್ನು ಕೀಳತೊಡಗಿದ. ನಾನು ಮಾಡುತ್ತೇನೆ, ಧೂಳು ಏಳುತ್ತದೆ ಅಂದರೂ ಕೇಳಲಿಲ್ಲ.

ಡಿಸೆಂಬರ್ 12, ಗುರುವಾರ

ಆಚೆ ಕರಾವಳಿಯ ಶಾಲೆಯೊಂದರಲ್ಲಿ ಆರು ತಿಂಗಳ ಗುತ್ತಿಗೆ ಖಾಲಿ ಇದೆ. ಅರ್ಜಿ ಹಾಕಿದೆ. ಸೋಮವಾರ ಕಂಪ್ಯೂಟರಿನಲ್ಲೇ ಸಂದರ್ಶನ. ಕ್ಲೈವ್ ಸದ್ಯಕ್ಕೆ ತಂಗಿಯ ಮನೆಗೆ ಹೋಗುತ್ತಾನಂತೆ. ಎಷ್ಟು ದಿನ ಅಂತ ಕೇಳಿದೆ. ನೋಡೋಣ ಅಂದ. ಅವನ ಪೆಟ್ಟಿಗೆ ಬಾಗಿಲ ಹತ್ತಿರ ಇದೆ. ಮನೆ ಖಾಲಿಯಾದರೆ ಅಭ್ಯಾಸಕ್ಕೆ ಅನುಕೂಲವೇ.

ಪ್ರಶ್ನೆಗಳನ್ನು ಮೊದಲೇ ಕಳಿಸಿದ್ದಾರೆ. ಎರಡನೆಯದು: ಕಷ್ಟದ ಸನ್ನಿವೇಶದಲ್ಲಿ ಮಗುವಿನ ಕ್ಷೇಮ ಕಾಪಾಡಿದ ಒಂದು ಉದಾಹರಣೆ ಕೊಡಿ. ಹೊಸದು ಬೇಕು, ಹಳೆಯವು ಸವೆದುಹೋಗಿವೆ.

ಪರಿಸ್ಥಿತಿ: ಕೌಟುಂಬಿಕ ಕಾರಣಗಳಿಂದ ವಿದ್ಯಾರ್ಥಿನಿಯೊಬ್ಬಳು ವರ್ಷದ ಕೊನೆಯಲ್ಲಿ ಶಾಲೆ ಬಿಡಬೇಕಾಯಿತು.

ಹೊಣೆ: ಈ ಬದಲಾವಣೆ ಅವಳಿಗೆ ಭಾರವಾಗದಂತೆ ನೋಡಿಕೊಳ್ಳುವುದು.

ಮಾಡಿದ್ದು: ಬೀಳ್ಕೊಡುಗೆ ಏರ್ಪಡಿಸಿದೆ. ಅವಳೊಂದಿಗೆ ಪ್ರತ್ಯೇಕವಾಗಿ ಮಾತನಾಡಿದೆ. ಅವಳು ಕೇಳಿದ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರಿಸಿದೆ.

ಫಲ: ವಿದ್ಯಾರ್ಥಿನಿ ಅಳಲಿಲ್ಲ.